ಆರು ಲಕ್ಷದ ಗುರುಪಾದಪ್ಪ

ಬಾಗಲಗುಂಟೆಯ ಭಾಗ್ಯಶ್ರೀಗೆ ಇಡೀ ದಿನದಲ್ಲಿ ಕಷ್ಟದ ಹೊತ್ತು ಅಂದರೆ ಮಧ್ಯಾಹ್ನ ಒಂದೂವರೆ. ಹಸಿವಿನಿಂದಲ್ಲ. ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ ಅಷ್ಟೊತ್ತಿಗೆ ಹೊಟ್ಟೆ ಸೇರಿರುತ್ತಿತ್ತು. ಊಟದ ಬಿಡುವು ಮುಗಿದು ಕಾಲೇಜಿನ ಗಂಟೆ ಹೊಡೆಯುತ್ತಿತ್ತು. ಬಿಎಸ್ಸಿ ಎರಡನೇ ವರ್ಷದವರೆಲ್ಲ ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಲ್ಯಾಬಿನ ಮೆಟ್ಟಿಲು ಹತ್ತುತ್ತಿದ್ದರು. ಭಾಗ್ಯಶ್ರೀ ಅದೇ ಮೆಟ್ಟಿಲಿನ ಪಕ್ಕದಿಂದ ಹಾದು ಗೇಟಿನ ಕಡೆ ನಡೆಯುತ್ತಿದ್ದಳು.

ಎರಡೂವರೆಗೆ ಅವಳು ಯಶವಂತಪುರದ ಸೀರೆ ಅಂಗಡಿಯಲ್ಲಿರಬೇಕು. ಗಿರಾಕಿಗಳು ಬಿಚ್ಚಿಸಿ, ಮೈಮೇಲೆ ಹಾಕಿ ನೋಡಿ, ಬೇಡ ಅಂತ ಬಿಟ್ಟುಹೋದ ಸೀರೆಗಳನ್ನು ಮಡಿಸಿ ಮತ್ತೆ ಜೋಡಿಸುವುದು ಅವಳ ಕೆಲಸ. ಒಂದು ಸೀರೆ ಕೊಳ್ಳುವುದಕ್ಕೆ ಬೆಂಗಳೂರಿನ ಹೆಂಗಸರು ಸುಮಾರು ಇಪ್ಪತ್ತೆರಡು ಸೀರೆ ಬಿಚ್ಚಿಸುತ್ತಾರೆ ಎಂಬುದು ಅವಳು ಕಾಲೇಜಿನ ಹೊರಗೆ ಕಲಿತ ವಿಜ್ಞಾನ. ಒಂಬತ್ತೂವರೆಗೆ ಅಂಗಡಿ ಮುಚ್ಚಿದರೆ ಮನೆ ಮುಟ್ಟುವುದು ಹತ್ತೂವರೆಗೆ. ವಾರಕ್ಕೊಂದು ರಜೆ, ಮಂಗಳವಾರ. ಪ್ರಾಕ್ಟಿಕಲ್ ಕ್ಲಾಸುಗಳು ಸೋಮವಾರ, ಬುಧವಾರ, ಶುಕ್ರವಾರ. ಟೈಮ್‌ಟೇಬಲ್ ಹಾಕಿದವರು ಮತ್ತು ಅಂಗಡಿಯವರು ಕೂತು ಮಾತಾಡಿಕೊಂಡಂತೆ ಇತ್ತು.

ಬಸ್ಸು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಾಗ ಅವಳು ಕಿಟಕಿಗೆ ತಲೆಯಾನಿಸಿ ಗಡಿಯಾರ ನೋಡುತ್ತಿದ್ದಳು. ಈಗ ಎಲ್ಲರೂ ಸ್ಲೈಡು ಮಾಡಿಕೊಂಡಿರುತ್ತಾರೆ. ಈಗ ಮೇಡಂ ಒಬ್ಬೊಬ್ಬರ ಹತ್ತಿರ ಬಂದು ಮೈಕ್ರೋಸ್ಕೋಪು ಸರಿಮಾಡಿ ಕೊಡುತ್ತಿರುತ್ತಾರೆ. ಸಿಗ್ನಲ್ಲು ಬಿಡುತ್ತಿತ್ತು, ಬಸ್ಸು ಮುಂದಕ್ಕೆ ಹೋಗುತ್ತಿತ್ತು, ಅವಳ ಮನಸ್ಸು ಮಾತ್ರ ಹಿಂದಕ್ಕೆ.

ಅವಳ ಗೆಳತಿ ಜಹೀರಾ ಮರುದಿನ ಬೆಳಿಗ್ಗೆ ಸುದ್ದಿ ಹೇಳುತ್ತಿದ್ದಳು.

"ನಿನ್ನೆ ಈರುಳ್ಳಿ ಬೇರಿನ ತುದಿ ಕಣೇ. ಬಣ್ಣ ಹಾಕಿ, ಬಿಸಿ ಮಾಡಿ, ಜಜ್ಜಿ ನೋಡ್ಬೇಕು. ಒಳಗೆ ಕ್ರೋಮೋಸೋಮು ಅರ್ಧ ಆ ಕಡೆ, ಅರ್ಧ ಈ ಕಡೆ ಹೊರಟಿರುತ್ತೆ. ಮನೆ ಪಾಲಾದಂಗೆ."

"ನಿಜವಾಗ್ಲೂ ಕಾಣ್ಸುತ್ತಾ? ಪುಸ್ತಕದಲ್ಲಿ ಇದ್ದಂಗೆ?"

"ಪುಸ್ತಕದಲ್ಲಿ ಇದ್ದಂಗೆ ಎಲ್ಲಿ ಇರುತ್ತೆ. ಹತ್ತು ಸಲ ತಿರುಗಿಸಿದ್ಮೇಲೆ ಒಂದು ಸಿಕ್ತು. ಸಿಕ್ಕಿದಾಗ ಮಾತ್ರ, ಅಬ್ಬಾ, ಹಂಗೇ ನೋಡ್ತಾ ಇರೋಣ ಅನ್ಸುತ್ತೆ. ಇವತ್ತು ನಿಂತ್ಕೋ, ಮೇಡಂಗೆ ಹೇಳಿ ತೋರಿಸ್ತೀನಿ."

"ಇವತ್ತು ಅಂಗಡೀಲಿ ಆಫರ್ ಶುರು."

"ನಿನ್ ಅಂಗಡೀಲಿ ಆಫರ್ ಮುಗಿದಿದ್ದು ಯಾವಾಗ ಹೇಳು," ಅಂದಳು ಜಹೀರಾ, ತನ್ನ ರೆಕಾರ್ಡು ಪುಸ್ತಕ ಕೊಡುತ್ತಾ.

ಭಾಗ್ಯಶ್ರೀ ಆ ಚಿತ್ರವನ್ನು ಅಂಗಡಿಯಲ್ಲಿ ಚಹಾದ ಬಿಡುವಿನಲ್ಲಿ ನಕಲು ಮಾಡಿದಳು. ಅವಳ ಕೈ ಚೆನ್ನಾಗಿತ್ತು. ಒಂದೊಂದು ಗೆರೆಯೂ ನೀಟಾಗಿ ಬಂತು. ಲ್ಯಾಬಿನ ಮೇಡಂ ಅದರ ಕೆಳಗೆ ಕೆಂಪು ಇಂಕಿನಲ್ಲಿ 'ಬಹಳ ಚೆನ್ನಾಗಿದೆ' ಅಂತ ಬರೆದರು. ತಾನು ಕಂಡೇ ಇರದ ವಸ್ತುವಿನ ಚಿತ್ರಕ್ಕೆ ಸಿಕ್ಕ ಆ ಹೊಗಳಿಕೆಯನ್ನು ಅವಳು ಬಸ್ಸಿನಲ್ಲಿ ಮೂರು ಸಲ ಓದಿದಳು. ಮೂರನೇ ಸಲ ಕಣ್ಣು ಮಂಜಾಯಿತು.

ಅವಳ ಅಪ್ಪ ಗುರುಪಾದಪ್ಪ ಬಾದಾಮಿ ಕಡೆಯವನು. ಹದಿನಾಲ್ಕು ವರ್ಷದಿಂದ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಹೆಲ್ಪರ್. ಕಬ್ಬಿಣದ ತುಂಡುಗಳನ್ನು ಕೊಕ್ಕೆಗೆ ನೇತುಹಾಕಿ, ಬಣ್ಣದ ಪುಡಿ ಹಿಡಿಸಿ, ಬಿಸಿ ಒಲೆಯೊಳಕ್ಕೆ ತಳ್ಳುವ ಕೆಲಸ. ಅವ್ವ ಚನ್ನಕ್ಕ ಮನೆಯಲ್ಲೇ ರೊಟ್ಟಿ ಬಡಿದು ಸುತ್ತಲಿನ ನಾಲ್ಕು ಬೀದಿಗೆ ಮಾರುತ್ತಿದ್ದಳು. ಹೋದ ವರ್ಷ ಕಾರ್ಖಾನೆಯಲ್ಲಿ ಓವರ್‌ಟೈಮ್ ನಿಂತಿತು. ಮಗಳಿಗೆ ವಿದ್ಯಾರ್ಥಿವೇತನ ಬಂದರೆ ಸರಿದೂಗುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅರ್ಜಿ ಹಾಕಲು ಅಪ್ಪನೇ ಹೋದ. "ನೀ ಓದ್ಕೋ, ಸೈಬರ್ ಸೆಂಟರಿನಾಗ ಕ್ಯೂ ನಿಲ್ಲೂದು ನನ್ನ ಪಾಲಿಗಿರಲಿ," ಅಂದಿದ್ದ. ವಾಪಸು ಬಂದು ಚಪ್ಪಲಿ ಬಿಡುತ್ತಾ, "ಆಗಲಿಲ್ಲವಾ, ರಿಜೆಕ್ಟ್ ಆತು. ಸರ್ಕಾರದ್ದು ಹಣೇಬರನ ಹಂಗ," ಅಂದ. ಸರ್ಕಾರದ ಮೇಲೆ ಹಾಕಿದ ಮಾತಿಗೆ ನಮ್ಮಲ್ಲಿ ಸಾಕ್ಷಿ ಕೇಳುವವರಿಲ್ಲ. ಭಾಗ್ಯಶ್ರೀಯೂ ಕೇಳಲಿಲ್ಲ.

ಮುಂದಿನ ವಾರ ಅವಳು ಸೀರೆ ಅಂಗಡಿ ಸೇರಿದಳು. ಮನೆಯಲ್ಲಿ, "ಕ್ಲಾಸು ಒಂದು ಗಂಟೆಕ್ಕ ಮುಗೀತಾವು, ಆಮ್ಯಾಲ ಖಾಲಿನ ಇರ್ತೇನಿ," ಅಂದಳು. ಕ್ಲಾಸು ನಿಜವಾಗಿ ಮುಗಿಯುತ್ತಿದ್ದುದು ನಾಲ್ಕಕ್ಕೆ.

ಆ ಸೆಮಿಸ್ಟರಿನ ಹತ್ತನೇ ವಾರ ಕಾಲೇಜಿನ ಬೋರ್ಡಿಗೆ ಹಾಜರಾತಿಯ ಪಟ್ಟಿ ಅಂಟಿಸಿದರು. ನೂರಕ್ಕೆ ಎಪ್ಪತ್ತೈದು ಇಲ್ಲದವರ ಹೆಸರಿನ ಕೆಳಗೆ ಗೆರೆ. ಭಾಗ್ಯಶ್ರೀಯ ಮುಂದೆ ಅರವತ್ತೆರಡು ಅಂತಿತ್ತು. ಎಪ್ಪತ್ತೈದು ಮುಟ್ಟದಿದ್ದರೆ ಪರೀಕ್ಷೆಗೆ ಹಾಲ್‌ಟಿಕೆಟ್ ಇಲ್ಲ. ಇಡೀ ಸೆಮಿಸ್ಟರು ಮುಂದಿನ ವರ್ಷ ಮತ್ತೆ.

ಆಫೀಸಿನ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ ಹೇಳಿದರು. "ಇನ್ನು ಆರು ವಾರ ಇದೆ. ಒಂದು ಕ್ಲಾಸೂ ಬಿಡದೆ ಕೂತ್ರೆ ಮುಟ್ಟುತ್ತೆ ಕಣಮ್ಮ. ಒಂದು ವಾರ ತಪ್ಪಿಸಿದ್ರೂ ನಾನೇನೂ ಮಾಡಕ್ಕಾಗಲ್ಲ."

ಕ್ಲಾಸಿನಲ್ಲಿ ಕೂತರೆ ಅಂಗಡಿ ಬಿಡಬೇಕು. ಅಂಗಡಿ ಬಿಟ್ಟರೆ ಫೀಸಿನ ಎರಡನೇ ಕಂತಿಗೆ ದಾರಿಯಿಲ್ಲ. ಭಾಗ್ಯಶ್ರೀ ಎರಡು ದಿನ ಯೋಚಿಸಿದಳು. ಮೂರನೇ ದಿನ, ತೆಗೆದುಕೊಂಡಿದ್ದ ಪುಸ್ತಕಗಳನ್ನೆಲ್ಲ ಎದೆಗವಚಿಕೊಂಡು ಲೈಬ್ರರಿಗೆ ಹೋದಳು. ಒಂದು ವರ್ಷ ಕಾಲೇಜು ಬಿಡುವುದು, ದುಡ್ಡು ಕೂಡಿಸಿಕೊಂಡು ಆಮೇಲೆ ಬರುವುದು ಅಂತ ತೀರ್ಮಾನವಾಗಿತ್ತು.

ಲೈಬ್ರರಿಯ ಮೇಜಿನ ಹಿಂದೆ ಸತ್ಯವತಿ ಮೇಡಂ ಕೂತಿದ್ದರು. ಇಪ್ಪತ್ತು ವರ್ಷದಿಂದ ಅದೇ ಕುರ್ಚಿ. ಮನೆ ಬಾಗಲಗುಂಟೆಯಲ್ಲೇ, ಎರಡು ಬೀದಿ ಆಚೆ. ಶನಿವಾರ ಶನಿವಾರ ಚನ್ನಕ್ಕನ ಹತ್ತಿರ ಹನ್ನೆರಡು ರೊಟ್ಟಿ ಒಯ್ಯುವ ಗಿರಾಕಿ.

"ವಾಪಸ್ ಕೊಡ್ಬೇಕಿತ್ತು ಮೇಡಂ. ಎಲ್ಲಾನೂ."

ಮೇಡಂ ಪುಸ್ತಕಗಳನ್ನೂ ನೋಡಿದರು, ಹುಡುಗಿಯ ಮುಖವನ್ನೂ ನೋಡಿದರು. "ವಾಪಸ್ ತಗೊಳ್ಳೋ ಕೌಂಟರ್ ಇವತ್ತು ಮುಚ್ಚಿದೆ."

"ನೀವು ಇಲ್ಲೇ ಕೂತಿದೀರಲ್ಲ ಮೇಡಂ."

"ಕೂತಿದೀನಿ. ಮುಚ್ಚಿದೆ."

ಭಾಗ್ಯಶ್ರೀ ಪುಸ್ತಕಗಳನ್ನು ಮೇಜಿನ ಅಂಚಿಗೆ ಇಟ್ಟಳು. ಮೆಲ್ಲಗೆ, "ಒಂದು ವರ್ಷ ಅಷ್ಟೇ ಮೇಡಂ. ಮುಂದಿನ ವರ್ಷ ಬಂದೇ ಬರ್ತೀನಿ," ಅಂದಳು.

ಮೇಡಂ ಮೇಜಿನ ಉದ್ದನೆಯ ಡ್ರಾಯರು ಎಳೆದರು. ಒಳಗೆ ಲೈಬ್ರರಿ ಕಾರ್ಡುಗಳು ಒತ್ತೊತ್ತಾಗಿ ನಿಂತಿದ್ದವು. ಒಂದೊಂದರ ಮೇಲೂ ಒಂದೊಂದು ಫೋಟೋ, ಎಣ್ಣೆ ಹಾಕಿ ಬಾಚಿದ ತಲೆ, ಹದಿನೆಂಟರ ಮುಖ.

"ಇವೆಲ್ಲಾ ಒಂದು ವರ್ಷ ಅಷ್ಟೇ ಮೇಡಂ ಅಂದೋರದ್ದು. ವಾಪಸ್ ಬಂದೋರ ಕಾರ್ಡು ತೆಗೆದು ಬೇರೆ ಕಡೆ ಇಡ್ತೀನಿ."

"ಅವು ಎಲ್ಲಿವೆ?"

ಮೇಡಂ ಪೆನ್ಸಿಲ್ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ನಾಲ್ಕು ಕಾರ್ಡು ಇದ್ದವು.

ಭಾಗ್ಯಶ್ರೀ ಡ್ರಾಯರಿನ ಮುಖಗಳನ್ನೇ ನೋಡುತ್ತಾ ನಿಂತಳು. ಯಾರದೂ ದಡ್ಡರ ಮುಖದ ಹಾಗೆ ಕಾಣಲಿಲ್ಲ.

"ಕೆಲಸ ಮಾಡ್ತೀಯಾ ಎಲ್ಲಾದ್ರೂ?" ಮೇಡಂ ಕೇಳಿದರು.

"ಯಶವಂತಪುರದಲ್ಲಿ. ಏಳು ಗಂಟೆ ಹೊತ್ತು."

"ದಿನಾಲೂ?"

"ಮಂಗಳವಾರ ಬಿಟ್ಟು."

"ವಿದ್ಯಾರ್ಥಿವೇತನ?"

"ರಿಜೆಕ್ಟ್ ಆಯ್ತಂತೆ."

"ಯಾಕಂತೆ?"

"ಗೊತ್ತಿಲ್ಲ."

"ಯಾಕೆ ಅಂತ ಕೇಳದೆ ವಿಜ್ಞಾನ ಹೆಂಗೆ ಓದ್ತಿದೀಯಮ್ಮ ನೀನು," ಅಂದರು ಮೇಡಂ. "ಮಂಗಳವಾರ ಸಂಜೆ ನಿಮ್ಮನೆಗೆ ಬರ್ತೀನಿ. ಅಮ್ಮಂಗೆ ಹೇಳು. ಪುಸ್ತಕ ವಾಪಸ್ ಬ್ಯಾಗಿಗೆ ಹಾಕ್ಕೋ, ಇಲ್ಲಿ ಜಾಗ ಇಲ್ಲ."

ಮಂಗಳವಾರ ಸಂಜೆ ಆರಕ್ಕೆ ಸತ್ಯವತಿ ಮೇಡಂ ಬಂದರು. ಚನ್ನಕ್ಕ ಒಲೆಯಿಂದ ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. "ಬರ್ರಿ ಅಕ್ಕೋರ, ಕುಂದರ್ರಿ. ಇವತ್ತ ಶನಿವಾರ ಅಲ್ಲಲ್ರಿ?"

"ರೊಟ್ಟಿಗೆ ಬಂದಿಲ್ಲ ಚನ್ನಕ್ಕ. ಕೊಟ್ರೆ ಬೇಡ ಅನ್ನಲ್ಲ."

ಗುರುಪಾದಪ್ಪ ಆಗ ತಾನೆ ಕೆಲಸದಿಂದ ಬಂದು ಮುಖ ತೊಳೆದಿದ್ದ. ಮೇಡಂ ಸುತ್ತಿಬಳಸದೆ ವಿಷಯಕ್ಕೆ ಬಂದರು. ಹಾಜರಾತಿ ಅರವತ್ತೆರಡು. ಹೀಗೇ ಹೋದರೆ ಪರೀಕ್ಷೆ ಇಲ್ಲ. ದಿನಾ ಮಧ್ಯಾಹ್ನದ ಕ್ಲಾಸೆಲ್ಲ ತಪ್ಪುತ್ತಿದೆ.

"ಮಧ್ಯಾಹ್ನದ ಕ್ಲಾಸು?" ಚನ್ನಕ್ಕ ಮಗಳ ಕಡೆ ತಿರುಗಿದಳು. "ಒಂದಕ್ಕ ಮುಗೀತಾವು ಅಂದಿದ್ದಿ?"

ಭಾಗ್ಯಶ್ರೀ ಗೋಡೆಗೆ ಒರಗಿ ನಿಂತಿದ್ದಳು. "ನಾಕಕ್ಕ ಮುಗೀತಾವ ಯವ್ವಾ."

ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಆ ಮನೆಯಲ್ಲಿ ರೊಟ್ಟಿ ಸೀಯುವುದು ದೊಡ್ಡ ಸುದ್ದಿ.

ಗುರುಪಾದಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡ. "ಅಲ್ರಿ ಮೇಡಂ, ದುಡಕೋತ ಓದಿದವರು ಯಾರೂ ಇಲ್ಲೇನ್ರಿ? ಬೀದಿದೀಪದ ಕೆಳಗ ಓದಿ ದೊಡ್ಡ ಮಂದಿ ಆಗ್ಯಾರಂತ."

"ಇದಾರೆ. ಕೆಲಸ ಮಾಡೋದು ತಪ್ಪು ಅಂತ ನಾನೂ ಹೇಳ್ತಿಲ್ಲ. ಎಲ್ಲಿ, ಎಷ್ಟು ಹೊತ್ತು ಅನ್ನೋದು ಲೆಕ್ಕ. ಜಹೀರಾನೂ ಕೆಲಸ ಮಾಡ್ತಾಳೆ, ನಿಮ್ಮ ಭಾಗ್ಯಶ್ರೀ ಗೆಳತಿ. ನಮ್ಮ ಲೈಬ್ರರೀಲೇ, ನಾಲ್ಕರಿಂದ ಆರು. ಕ್ಲಾಸು ಮುಗಿಸಿ ಬರ್ತಾಳೆ, ಪುಸ್ತಕ ಜೋಡಿಸ್ತಾಳೆ, ಕೆಲಸ ಇಲ್ದಾಗ ಅಲ್ಲೇ ಕೂತು ಓದ್ತಾಳೆ. ಏನಾದ್ರೂ ತಿಳೀಲಿಲ್ಲ ಅಂದ್ರೆ ಲೆಕ್ಚರರ್ ಎದುರಿಗೇ ಸಿಗ್ತಾರೆ. ಅಂಥ ಮಕ್ಕಳು ಕೊನೇ ವರ್ಷದ ತನಕ ನಿಲ್ತಾರೆ ಕಣ್ರೀ. ನಾನು ಕುರ್ಚಿ ಬಿಡದೆ ನೋಡಿದೀನಿ. ಏಳೆಂಟು ಗಂಟೆ ಹೊರಗೆ ನಿಂತು ಬರೋ ಮಕ್ಕಳು ಮೂರನೇ ಸೆಮಿಸ್ಟರಿಗೆ ಸುಸ್ತಾಗ್ತಾರೆ, ನಾಲ್ಕನೇದಕ್ಕೆ ಕಾಣೆಯಾಗ್ತಾರೆ."

"ಲೈಬ್ರರ್ಯಾಗ ಎಷ್ಟ ಕೊಡ್ತಾರ್ರಿ?"

"ಸೀರೆ ಅಂಗಡೀಲಿ ಕೊಡೋದ್ರಲ್ಲಿ ಅರ್ಧಾನೂ ಇಲ್ಲ. ಸುಳ್ಳು ಹೇಳಲ್ಲ."

"ಮತ್ತ?"

"ಮತ್ತೆ ಅದಕ್ಕೇ ವಿದ್ಯಾರ್ಥಿವೇತನ ಇರೋದು. ಫೀಸು ಅದರಲ್ಲಿ ಹೋಗುತ್ತೆ. ಬಸ್ಸು, ಪುಸ್ತಕ ಇದರಲ್ಲಿ. ಒಂದೇ ಕಾಲಲ್ಲಿ ನಿಲ್ಲು ಅಂದ್ರೆ ಯಾರಿಗೂ ಆಗಲ್ಲ, ಎರಡು ಕಾಲು ಬೇಕು. ಅದು ಯಾಕೆ ರಿಜೆಕ್ಟ್ ಆಯ್ತು?"

"ಸರ್ಕಾರದ ಕೆಲಸ, ಹೆಂಗ ಹೇಳೂದ್ರಿ," ಅಂದ ಗುರುಪಾದಪ್ಪ. "ದುಡ್ಡ ಇದ್ದವರ ಮಕ್ಕಳಿಗೆ ಬರ್ತೈತಿ. ನಮ್ಮಂಥವರಿಗೆಲ್ಲಿ."

"ಕಾರಣ ಬರೆದಿರ್ತಾರೆ. ಜಾತಿ ಮತ್ತು ಆದಾಯದ ಪ್ರಮಾಣಪತ್ರ ಇದೆಯಲ್ಲ, ಅದನ್ನ ಕೊಡಿ, ನೋಡ್ತೀನಿ."

"ಅದು... ಊರಾಗ ಐತ್ರಿ."

"ಊರಾಗೆಲ್ಲಿ?" ಅಂದಳು ಚನ್ನಕ್ಕ. "ದೇವರ ಫೋಟೋದ ಹಿಂದ ಇಟ್ಟೀಯಲ್ಲ. ದಿನಾ ಊದಿನಕಡ್ಡಿ ಹಚ್ಚೂದು ನಾನ."

ಗುರುಪಾದಪ್ಪ ಏಳುವುದರೊಳಗೆ ಅವಳೇ ಎದ್ದು ಪ್ಲಾಸ್ಟಿಕ್ ಕವರು ತಂದು ಕೊಟ್ಟಳು. ಮೇಡಂ ಕನ್ನಡಕ ಹಾಕಿಕೊಂಡರು. ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಗುರುಪಾದಪ್ಪನವರೇ, ನಿಮ್ಮದು ವರ್ಷಕ್ಕೆ ಆರು ಲಕ್ಷ ಆದಾಯ ಅಂತಿದೆ ಇದರಲ್ಲಿ. ನಮ್ಮ ಅಳಿಯನಿಗೂ ಇಷ್ಟಿಲ್ಲ."

ಚನ್ನಕ್ಕನಿಗೆ ಮೊದಲು ನಗು ಬಂತು. ಗಂಡನ ಮುಖ ನೋಡಿ ನಿಂತುಹೋಯಿತು.

ಭಾಗ್ಯಶ್ರೀ ಗೋಡೆ ಬಿಟ್ಟು ಮುಂದೆ ಬಂದಳು. ಕಾಗದದ ಮೇಲಿನ ಅಂಕಿ ನೋಡಿದಳು. ತಿದ್ದಿದ್ದಲ್ಲ, ತಪ್ಪಿ ಬಿದ್ದಿದ್ದಲ್ಲ. ಅಕ್ಷರದಲ್ಲೂ ಬರೆದಿತ್ತು, ಆರು ಲಕ್ಷ ರೂಪಾಯಿ ಮಾತ್ರ.

"ಅಪ್ಪಾ, ನಿನಗ ಗೊತ್ತಿತ್ತೇನು?"

ಅವನು ತನ್ನ ಕೈ ನೋಡಿಕೊಂಡ. "ಗೊತ್ತಿತ್ತವಾ. ಸೈಬರ್ ಸೆಂಟರಿನ ಹುಡುಗ ಕಂಪ್ಯೂಟರಿನಾಗ ನೋಡಿ ನಕ್ಕ. ಸಾರ್, ನಿಮಗ್ಯಾಕ ಸ್ಕಾಲರ್‌ಶಿಪ್ಪು ಅಂದ."

ಆಮೇಲೆ ಕಥೆ ತುಂಡು ತುಂಡಾಗಿ ಹೊರಬಂತು. ಗುರುಪಾದಪ್ಪ ಊರಿಗೆ ಹೋದಾಗಲೆಲ್ಲ ಇಸ್ತ್ರಿ ಅಂಗಿ ಹಾಕಿ, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಹೋಗುತ್ತಿದ್ದ. ಮೊದಲನೇ ಸಲ ಯಾರೋ ಏನು ಕೆಲಸ ಅಂತ ಕೇಳಿದಾಗ ಸೂಪರ್‌ವೈಸರ್ ಅಂದುಬಿಟ್ಟ. ಎರಡನೇ ಸಲ ತನ್ನ ಕೈಕೆಳಗೆ ಹದಿನೆಂಟು ಮಂದಿ ಇದ್ದಾರೆ ಅಂದ. ಸುಳ್ಳಿಗೆ ಬಡ್ತಿ ಬೇಗ ಸಿಗುತ್ತದೆ, ಹೆಲ್ಪರಿಗೆ ಹದಿನಾಲ್ಕು ವರ್ಷವಾದರೂ ಸಿಕ್ಕಿರಲಿಲ್ಲ. ಆಧಾರಿನಲ್ಲಿ ಊರಿನ ವಿಳಾಸವೇ ಇತ್ತು, ಹಾಗಾಗಿ ಆದಾಯ ಪತ್ರಕ್ಕೆ ಅರ್ಜಿ ಹೋದದ್ದು ಅಲ್ಲಿಯ ನಾಡಕಚೇರಿಗೆ. ಊರಿನ ತಲಾಟಿ, ಅಂದರೆ ಗ್ರಾಮಲೆಕ್ಕಿಗ, ವಿಚಾರಣೆಗೆ ಮನೆಗೆ ಬಂದಾಗ ಕಟ್ಟೆಯ ಮೇಲೆ ಕೂತಿದ್ದು ಗುರುಪಾದಪ್ಪನ ಅಣ್ಣ. "ನಮ್ಮ ತಮ್ಮಂದು ಬೆಂಗಳೂರಾಗ ಭಾರೀ ನೌಕರಿ. ತಿಂಗಳಾ ಐವತ್ತ ಸಾವಿರಕ್ಕ ಕಮ್ಮಿ ಇಲ್ಲ," ಅಂತ ನಾಲ್ಕು ಮಂದಿಯ ಮುಂದೆ ಹೇಳಿದ. ತಲಾಟಿ ಕೇಳಿದ್ದನ್ನು ಬರೆದುಕೊಂಡ.

"ತಿದ್ದಿಸಬೇಕಂದ್ರ ಊರಿಗೆ ಫೋನ್ ಮಾಡಿ ಹೇಳಬೇಕಿತ್ತು," ಅಂದ ಗುರುಪಾದಪ್ಪ. "ನಾ ಸೂಪರ್‌ವೈಸರ್ ಅಲ್ಲ, ಹೆಲ್ಪರ್ ಅಂತ. ನಾಳೆ ಮಾಡೋಣ, ನಾಳೆ ಮಾಡೋಣ ಅಂದೆ. ಅಷ್ಟ್ರಾಗ ಈಕಿ ಅಂಗಡಿ ಸೇರಿದಳು. ನಡೀತೈತಿ ಬಿಡು ಅಂದ್ಕೊಂಡೆ."

ಭಾಗ್ಯಶ್ರೀಗೆ ಸಿಟ್ಟು ಬರಬೇಕಿತ್ತು. ಸ್ವಲ್ಪ ಬಂತು ಕೂಡ. ಆದರೆ ಅದಕ್ಕಿಂತ ಮುಂಚೆ ಕಣ್ಣ ಮುಂದೆ ಬಂದದ್ದು ಆ ವರ್ಷದ ಮಧ್ಯಾಹ್ನಗಳು. ಮಡಿಸಿಟ್ಟ ಸೀರೆಗಳ ಹಾಗೆ ಒಂದರ ಮೇಲೊಂದು, ಒಂದೂ ಅವಳದ್ದಲ್ಲ.

"ಅಪ್ಪಾ, ನಾ ಲ್ಯಾಬಿನಾಗ ಏನ ಮಾಡ್ತಾರಂತ ಜಹೀರಾನ ಕೇಳಿ ತಿಳ್ಕೋತೇನಿ," ಅಂದಳು. ದನಿ ಏರಿಸಲಿಲ್ಲ. "ಆಕಿ ನೋಡಿದ್ದನ್ನ ನಾ ಬರೀತೇನಿ. ನನಗ ಒಮ್ಮೆ ನಾನ ನೋಡಬೇಕನಸ್ತೈತಿ. ಅಷ್ಟ."

ಗುರುಪಾದಪ್ಪ ತಲೆ ಎತ್ತಲಿಲ್ಲ. ಕೂತಲ್ಲಿಂದಲೇ ಮೊಬೈಲು ತೆಗೆದ. ಅಣ್ಣನ ನಂಬರು ಒತ್ತಿದ. ಮೇಡಂ ಎದ್ದು ಹೊರಗೆ ನಿಲ್ಲುತ್ತೇನೆ ಎಂಬಂತೆ ಬಾಗಿಲ ಕಡೆ ನೋಡಿದರು. ಅವನು ಕೈಸನ್ನೆಯಲ್ಲೇ ಕೂರಲು ಹೇಳಿ ಸ್ಪೀಕರ್ ಹಾಕಿದ. ಹೇಳುವುದಾದರೆ ಎಲ್ಲರ ಮುಂದೆ ಒಂದೇ ಸಲ ಹೇಳಿ ಮುಗಿಸೋಣ ಅಂತ ಇರಬೇಕು.

"ಏನೋ ಗುರುಪಾದ, ಆರಾಮ?" ಆ ಕಡೆಯಿಂದ ಅಣ್ಣನ ದನಿ, ಹಿಂದೆ ಎಮ್ಮೆಯ ದನಿ.

"ಅಣ್ಣಾ, ಒಂದು ಮಾತು ಹೇಳೂದಿತ್ತು. ನಾ ಸೂಪರ್‌ವೈಸರ್ ಅಲ್ಲ. ಹೆಲ್ಪರ್ ಅದೇನಿ. ಮೊದಲಿಂದಾನೂ. ಪಗಾರ ಹದಿನಾರು ಸಾವಿರ."

ಆ ಕಡೆ ಸ್ವಲ್ಪ ಹೊತ್ತು ಎಮ್ಮೆ ಮಾತ್ರ ಮಾತಾಡಿತು.

"ಅದನ್ನ ಹೇಳಾಕ ಫೋನ್ ಮಾಡಿದೇನು?" ಅಂದ ಅಣ್ಣ. "ನನಗ ಗೊತ್ತೈತಲೋ. ನೀ ಬಂದಾಗ ಊಟಕ್ಕ ಕುಂತಾಗ ನಿನ್ನ ಕೈ ನೋಡೇನಿ. ಸೂಪರ್‌ವೈಸರ್ ಕೈಗೆ ಸುಟ್ಟ ಕಲಿ ಇರ್ತಾವೇನು?"

"ಮತ್ತ ತಲಾಟಿ ಮುಂದ ಐವತ್ತ ಸಾವಿರ ಅಂದಿ?"

"ನಾಕ ಮಂದಿ ಕುಂತಿದ್ರು. ಅವರ ಮುಂದ ನಿನ್ನ ಸಣ್ಣಾಂವನ್ನ ಮಾಡಲೇನು? ಬೆಂಗಳೂರಿಗೆ ಹೋಗಿ ತಮ್ಮ ಹೆಲ್ಪರ್ ಆದ ಅನ್ನಲೇನು? ನನಗ ಬಾಯಿ ಬರಲಿಲ್ಲ."

ಗುರುಪಾದಪ್ಪ ಮೂಗು ಒರೆಸಿಕೊಂಡ. "ಆ ಐವತ್ತ ಸಾವಿರದಿಂದ ಭಾಗ್ಯಾನ ಸ್ಕಾಲರ್‌ಶಿಪ್ ಹೋತಣ್ಣಾ. ಆಕಿ ಕಾಲೇಜ ಬಿಡಾಕ ನಿಂತಾಳ."

ಈ ಸಲ ಎಮ್ಮೆಯೂ ಸುಮ್ಮನಿತ್ತು.

"ಇದನ್ನ ಯಾವಾಗಿಂದ ಹೊಟ್ಯಾಗ ಇಟ್ಕೊಂಡಿ?" ಅಣ್ಣನ ದನಿ ಬದಲಾಗಿತ್ತು. "ನನ್ನ ಮಾತಿನಿಂದ ಕೂಸಿನ ಓದು ನಿಂತೈತಿ ಅಂತ ಒಂದು ಮಾತು ಹೇಳಬಾರದೇನು? ನಾಳೆ ಹೊತ್ತ ಹೊಂಡೂದ್ರೊಳಗ ತಲಾಟಿ ಮನಿ ಮುಂದ ಕುಂದರ್ತೇನಿ. ನಾ ಅವತ್ತ ಸುಳ್ಳ ಹೇಳೇನಿ ಅಂತ ನಾನ ಹೇಳ್ತೇನಿ. ಏನ ಕಾಗದ ಬೇಕು ಕಳಸು."

"ಪಗಾರದ ಚೀಟಿ ಕಳಿಸ್ತೀವಿ," ಅಂದರು ಸತ್ಯವತಿ ಮೇಡಂ ಫೋನಿನ ಕಡೆ ಬಾಗಿ. "ಹೊಸದಾಗಿ ಅರ್ಜಿ ಹಾಕ್ತೀವಿ. ಹಳೇದು ಇದೆ ಅಂತ ಸುಮ್ಮನೆ ಇರ್ಬೇಕಾಗಿಲ್ಲ, ತಪ್ಪಿದ್ರೆ ಸರಿಯಾದ್ದು ಮಾಡಿಸ್ಕೋಬಹುದು."

"ಇದ್ಯಾರು ದನಿ?"

"ಲೈಬ್ರರಿ ಅಕ್ಕೋರು," ಅಂದಳು ಚನ್ನಕ್ಕ.

"ನಮಸ್ಕಾರ್ರಿ ಅಕ್ಕೋರ," ಅಂದ ಅಣ್ಣ. "ನಮ್ಮ ಮನ್ಯಾಗ ಎಲ್ಲಾರೂ ಮರ್ಯಾದಿ ಮಂದಿ. ಅದಕ ಹಿಂಗಾತು."

ಮರುದಿನ ಬೆಳಿಗ್ಗೆ, ಕಾಲೇಜಿಗೆ ಮುಂಚೆ, ಭಾಗ್ಯಶ್ರೀ ಅಂಗಡಿಗೆ ಹೋಗಿ ಮ್ಯಾನೇಜರ್ ಮುಜಫ್ಫರ್ ಅವರಿಗೆ ಹೇಳಿದಳು. ಅವರು ಒಂದು ಕ್ಷಣ ಮುಖ ಸಪ್ಪಗೆ ಮಾಡಿಕೊಂಡರು. ಅಷ್ಟು ನೀಟಾಗಿ ಮಡಿಸುವವರು ಅವರಿಗೆ ಮತ್ತೆ ಸಿಗುವುದು ಕಷ್ಟ. "ಓದಮ್ಮ, ಓದು. ಪರೀಕ್ಷೆ ಮುಗಿದ್ಮೇಲೆ ಭಾನುವಾರ ಮಾತ್ರ ಬರೋದಾದ್ರೆ ಬಾ," ಅಂದು ಆ ದಿನದವರೆಗಿನ ಸಂಬಳ ಕೊಟ್ಟರು.

ಆ ಮಧ್ಯಾಹ್ನ ಗಂಟೆ ಹೊಡೆದಾಗ ಭಾಗ್ಯಶ್ರೀ ಎಲ್ಲರ ಜೊತೆ ಮೆಟ್ಟಿಲು ಹತ್ತಿದಳು. ಈರುಳ್ಳಿ ಬೇರಿನ ಪಾಠ ಮುಗಿದು ಎಷ್ಟೋ ದಿನವಾಗಿತ್ತು. ಈಗ ಬ್ರೆಡ್ಡಿನ ಮೇಲಿನ ಬೂಸಲು ನಡೆಯುತ್ತಿತ್ತು. ಅವಳು ಬೂಸಲನ್ನೇ ಕಣ್ಣು ನೋಯುವಷ್ಟು ಹೊತ್ತು ನೋಡಿದಳು. "ಸಾಕು ಬಾರೇ, ಬೂಸಲು ತಾನೇ," ಅಂದಳು ಜಹೀರಾ. ಆದರೂ ಹೋದದ್ದು ಹೋಗಿಯೇ ಇತ್ತು. ಪಕ್ಕದ ಬೆಂಚಿನವರು, ಅವತ್ತು ಈರುಳ್ಳಿ ಬೇರಲ್ಲಿ ನಿಂಗೆ ಎಷ್ಟು ಕಂಡ್ವು, ನಂಗೆ ಮೂರು ಅಂತ ಮಾತಾಡಿಕೊಂಡಾಗ ಅವಳು ತಲೆ ತಗ್ಗಿಸಿ ಗಾಜಿನ ಪಟ್ಟಿ ಒರೆಸುತ್ತಿದ್ದಳು. ಕಳೆದ ಕ್ಲಾಸನ್ನು ಯಾವ ವಿದ್ಯಾರ್ಥಿವೇತನವೂ ವಾಪಸು ಕೊಡುವುದಿಲ್ಲ.

ಮುಂದಿನ ಆರು ವಾರ ಸುಲಭವಾಗಿರಲಿಲ್ಲ. ಫೀಸಿನ ಎರಡನೇ ಕಂತಿಗೆ ಪ್ರಿನ್ಸಿಪಾಲರಿಗೆ ಅರ್ಜಿ ಬರೆದು ಎರಡು ತಿಂಗಳ ಸಮಯ ಕೇಳಿದರು. ಕೇಳಿದ್ದಕ್ಕೆ ಸಿಕ್ಕಿತು. ಚನ್ನಕ್ಕ ಇನ್ನೊಂದು ಬೀದಿಗೆ ರೊಟ್ಟಿ ಕೊಡಲು ಶುರುಮಾಡಿದಳು. ಸತ್ಯವತಿ ಮೇಡಂ ಭಾಗ್ಯಶ್ರೀಗೂ ಲೈಬ್ರರಿಯಲ್ಲಿ ಕೆಲಸ ಕೊಡಿಸಿದರು; ನಾಲ್ಕರಿಂದ ಆರರವರೆಗೆ ಜಹೀರಾ ಒಂದು ಸಾಲು, ಭಾಗ್ಯಶ್ರೀ ಒಂದು ಸಾಲು ಪುಸ್ತಕ ಜೋಡಿಸಿದರು. ಹೊಸ ಆದಾಯ ಪತ್ರ ಮೂರು ವಾರಕ್ಕೆ ಬಂತು. ಅದರಲ್ಲಿ ಗುರುಪಾದಪ್ಪನ ನಿಜವಾದ ಸಂಬಳವಿತ್ತು. ವಿದ್ಯಾರ್ಥಿವೇತನದ ಅರ್ಜಿಯನ್ನು ಈ ಸಲ ಕಾಲೇಜಿನಲ್ಲೇ ಕೂತು, ಒಂದೊಂದು ಸಾಲು ಓದಿ ತುಂಬಿದ್ದು ಭಾಗ್ಯಶ್ರೀ. ನಡುವೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ ಅಂತ ಒಂದು ತೊಡಕು ಬಂತು. ಬ್ಯಾಂಕಿಗೆ ಹೋಗಿ ಒಂದು ಫಾರಂ ಕೊಟ್ಟರು, ಸರಿಹೋಯಿತು. ಅವಳ ಹಾಜರಾತಿ ಎಪ್ಪತ್ತಾರಕ್ಕೆ ಬಂದು ನಿಂತಿತು. ಹಾಲ್‌ಟಿಕೆಟ್ ಕೊಡುವಾಗ ಗುಮಾಸ್ತರು, "ಒಂದು ಜಾಸ್ತಿ ಇದೆ, ಇಟ್ಕೋ," ಅಂದರು. ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ವಿದ್ಯಾರ್ಥಿವೇತನ ಖಾತೆಗೆ ಬಿತ್ತು. ಕಾಲೇಜಿನ ಫೀಸು ಕಟ್ಟಲು ಅಪ್ಪ ಮಗಳು ಇಬ್ಬರೂ ಹೋದರು. ಅಲ್ಲಿ ಕೊಟ್ಟ ಫಾರಂನಲ್ಲಿ ತಂದೆಯ ಉದ್ಯೋಗ ಅನ್ನುವ ಕಡೆ ಗುರುಪಾದಪ್ಪ ತಾನೇ ಪೆನ್ನು ತೆಗೆದುಕೊಂಡು 'ಹೆಲ್ಪರ್' ಅಂತ ಬರೆದ. ಅಕ್ಷರ ಸ್ವಲ್ಪ ದಪ್ಪಗೇ ಬಂದವು.

ಇದನ್ನು ಸಂಘದಲ್ಲಿ ಕೂತು ಓದುತ್ತಿರುವ ಅಕ್ಕಂದಿರೇ, ಕೇಳುತ್ತಿರುವ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕಾಲೇಜು ಓದುವ ಮಗ, ಮಗಳು ಇರಬಹುದು. ಅವರು ದುಡಿಯುವುದಾದರೆ ದುಡಿಯಲಿ, ಆದರೆ ಕ್ಲಾಸಿನ ಹೊತ್ತನ್ನು ಮಾರಿ ಬೇಡ. ಕಾಲೇಜಿನಲ್ಲೇ ಒಂದೆರಡು ಗಂಟೆಯ ಕೆಲಸ ಇದೆಯಾ ಅಂತ ವಿಚಾರಿಸಿ. ಎಲ್ಲ ಕಾಲೇಜಿನಲ್ಲಿ ಇರುವುದಿಲ್ಲ, ಕೇಳುವುದರಿಂದ ಏನೂ ಹೋಗುವುದಿಲ್ಲ. ವಿದ್ಯಾರ್ಥಿವೇತನಕ್ಕೆ ಕೊನೆಯ ದಿನಾಂಕದವರೆಗೆ ಕಾಯಬೇಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಅರ್ಜಿ ತಿರಸ್ಕಾರವಾದರೆ ಯಾಕೆ ಅಂತ ಕೇಳಿ, ಕಾರಣ ತಿಳಿದುಕೊಂಡೇ ಮನೆಗೆ ಬನ್ನಿ. ಕಾಲೇಜು ಬಿಡಬೇಕು ಅಂತ ಮಕ್ಕಳಿಗೆ ಅನ್ನಿಸಿದ ದಿನ, ಬಿಡುವ ಮುಂಚೆ ಅಲ್ಲಿಯ ಒಬ್ಬ ಮೇಷ್ಟ್ರ ಹತ್ತಿರವೋ ಮೇಡಂ ಹತ್ತಿರವೋ ಮಾತಾಡಲಿ. ಊರಿನವರ ಮುಂದೆ ನೀವು ಯಾವ ಹುದ್ದೆಯಲ್ಲಿದ್ದೀರೋ ಅದು ನಿಮಗೆ ಬಿಟ್ಟದ್ದು. ಆದಾಯ ಪತ್ರದ ಮುಂದೆ ಮಾತ್ರ ನಿಮ್ಮ ನಿಜವಾದ ಹುದ್ದೆಯಲ್ಲೇ ಇರಿ.

ಆ ಪತ್ರ ನಿಮ್ಮ ಮನೆಯಲ್ಲಿ ಎಲ್ಲೇ ಇರಲಿ, ಇವತ್ತೇ ಹೊರಗೆ ತೆಗೆದು ಅದರಲ್ಲಿ ಬರೆದಿರುವ ಅಂಕಿಯನ್ನು ಒಮ್ಮೆ ಓದಿ. ಓದಲು ಬರದಿದ್ದರೆ ಮಗಳ ಕೈಗೆ ಕೊಡಿ. ಕಾಲೇಜಿಗೆ ಹೋಗುತ್ತಿದ್ದಾಳಲ್ಲ, ಓದಿ ಹೇಳುತ್ತಾಳೆ.